ಮೀನಿನ ಹೊಟ್ಟೆಗೆ ಹಿಂಡಿ, ರೈತನ ತಲೆಗೆ ಸಾಲ



ಕೃಷಿ ಹೊಂಡಕ್ಕೆ ಬೇಗ ಬೆಳೆಯುವ ಮೀಸೆ ಮೀನು, ಅಂದರೆ ಕ್ಯಾಟ್ ಫಿಶ್ ಬಿಡೋಣವೇ ಎಂದು ಕೇಳುವವರು ಈಗ ಹಳ್ಳಿಗಳಲ್ಲಿ ಇದ್ದಾರೆ. ಮೊದಲು ಒಂದು ಮಾತು ತಿಳಿದುಕೊಳ್ಳಿ. ಆಫ್ರಿಕನ್ ಕ್ಯಾಟ್ ಫಿಶ್ ಸಾಕುವುದಕ್ಕೆ ನಮ್ಮ ದೇಶದಲ್ಲಿ ನಿಷೇಧವಿದೆ. ಪಂಗಾಸಿಯಸ್ ಮೀನನ್ನು ಸರ್ಕಾರದ ನಿಯಮಕ್ಕೆ ಒಳಪಟ್ಟು ಸಾಕಬಹುದು. ಮರಿ ತರುವ ಮೊದಲೇ ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ನಾನು ಹೇಳಬೇಕೆಂದಿರುವುದು ಮೇವಿನ ವಿಷಯ. ಗುಳಿಗೆ ಮೇವು ಹಾಕಿ ಮೀನು ಸಾಕುವ ಕಡೆ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಮೇವಿಗೇ ಹೋಗುತ್ತದೆ. ಸಾಲ ಹುಟ್ಟುವುದೂ ಅಲ್ಲೇ.

ಆ ಮೇವಿನ ಚೀಲದಲ್ಲಿ ಏನಿರುತ್ತದೆ? ಸೋಯಾ ಹಿಂಡಿ, ಮೆಕ್ಕೆಜೋಳ, ಹತ್ತಿಕಾಳು ಹಿಂಡಿ, ಕಡಲೆಕಾಯಿ ಹಿಂಡಿ, ಅಕ್ಕಿ ತೌಡು, ಗೋಧಿ ಬೂಸಾ. ಎಲ್ಲಾ ನಾವೇ ಬೆಳೆದದ್ದು! ನಮ್ಮ ಹೊಲದಿಂದ ಅಗ್ಗಕ್ಕೆ ಹೋದ ಮಾಲು ಗಿರಣಿ ಸುತ್ತಿ ದುಬಾರಿ ಚೀಲವಾಗಿ ನಮ್ಮ ಮನೆ ಬಾಗಿಲಿಗೇ ಬರುತ್ತದೆ.

ಸಸ್ಯದ ಮೇವು ತಿಂದರೆ ಮೀನು ಸೊರಗುತ್ತದೆ, ಮೀನಿನ ಹಿಟ್ಟೇ ಬೇಕು ಎನ್ನುವವರಿದ್ದಾರೆ. ಇದು ಪೂರ್ತಿ ನಿಜವಲ್ಲ. ಅಮೆರಿಕಾದ ಮಿಸಿಸಿಪ್ಪಿ ರಾಜ್ಯದ ರೈತರು ಹತ್ತಿ ಬೆಳೆಯುತ್ತಿದ್ದ ಸೀಮೆಯಲ್ಲೇ ಕೆರೆ ತೋಡಿ ಕ್ಯಾಟ್ ಫಿಶ್ ಸಾಕಿದರು. ಅಲ್ಲಿ ದೊಡ್ಡ ಮೀನಿನ ಮೇವಿನಲ್ಲಿ ಮುಖ್ಯವಾದದ್ದು ಸೋಯಾ ಹಿಂಡಿ ಮತ್ತು ಮೆಕ್ಕೆಜೋಳ. ಮೀನಿನ ಹಿಟ್ಟು ಬಹುತೇಕ ಹೋಗೇ ಬಿಟ್ಟಿದೆ. ಮೇವಿನಲ್ಲಿ ನೂರಕ್ಕೆ 28ರಿಂದ 32 ಪಾಲು ಸಸಾರಜನಕ ಇಟ್ಟು ಸಾಕುತ್ತಾರೆ. ಸಾಲ್ಮನ್ ಜಾತಿಯ ಮೀನಿಗೆ ಸೋಯಾ ಹೆಚ್ಚಾದರೆ ಕರುಳು ಕೆಡುತ್ತದೆ. ಕ್ಯಾಟ್ ಫಿಶ್ ಅದಕ್ಕಿಂತ ಚೆನ್ನಾಗಿ ತಾಳಿಕೊಳ್ಳುತ್ತದೆ.

ಹಾಗಂತ ಯಾವ ಹಿಂಡಿಯನ್ನಾದರೂ ಸುರಿದರೆ ಆಯಿತೇ? ಆಗೋದಿಲ್ಲ.

ಹಸಿ ಸೋಯಾ ಕಾಳಿನಲ್ಲಿ ಸಸಾರಜನಕ ಜೀರ್ಣವಾಗದಂತೆ ತಡೆಯುವ ಅಂಶವಿದೆ. ಹದವಾಗಿ ಕಾಯಿಸಿದರೆ ಅದು ಹೋಗುತ್ತದೆ. ಅತಿಯಾಗಿ ಕಾಯಿಸಿದರೆ ಲೈಸಿನ್ ಎಂಬ ಸತ್ವವೂ ಕೆಡುತ್ತದೆ. ಹತ್ತಿಕಾಳು ಹಿಂಡಿಯಲ್ಲಿ ಗಾಸಿಪಾಲ್ ಎಂಬ ವಿಷವಿದೆ, ಜೊತೆಗೆ ಲೈಸಿನ್ ಕಡಿಮೆ. ಮಿತಿ ಮೀರಿ ಹಾಕಿದರೆ ಬೆಳವಣಿಗೆ ಕುಂಠಿತ. ಕಡಲೆಕಾಯಿ ಹಿಂಡಿಯಲ್ಲೂ ಲೈಸಿನ್ ಸಾಲದು. ಸೋಯಾದಲ್ಲಿ ಲೈಸಿನ್ ಉಂಟು, ಮೆಥಿಯೋನಿನ್ ಕಡಿಮೆ. ಅದಕ್ಕೇ ಒಂದರ ಕೊರತೆಯನ್ನು ಇನ್ನೊಂದರಿಂದ ತುಂಬಬೇಕು. ಕಾಳುಗಳಲ್ಲಿರುವ ರಂಜಕದ ಹೆಚ್ಚಿನ ಪಾಲು ಮೀನಿಗೆ ಜೀರ್ಣವಾಗದ ರೂಪದಲ್ಲಿರುತ್ತದೆ. ಬೇರೆ ರಂಜಕವನ್ನೋ, ಅದನ್ನು ಬಿಡಿಸುವ ಫೈಟೇಸ್ ಕಿಣ್ವವನ್ನೋ ಸೇರಿಸಬೇಕು. ಸಿ ಜೀವಸತ್ವ ಇಲ್ಲದಿದ್ದರೆ ಕ್ಯಾಟ್ ಫಿಶ್ ಬೆನ್ನುಮೂಳೆಯೇ ಸೊಟ್ಟಗಾಗುತ್ತದೆ. ಚೀಲ ತಿಂಗಳುಗಟ್ಟಲೆ ಬಿಸಿಲು ಬಿದ್ದ ಗೋದಾಮಿನಲ್ಲಿ ಕೂತರೆ ಆ ಸತ್ವ ಕಡಿಮೆಯಾಗುತ್ತಾ ಹೋಗುತ್ತದೆ.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. ಕಡಲೆಕಾಯಿ, ಮೆಕ್ಕೆಜೋಳ, ಹತ್ತಿಕಾಳು ಸರಿಯಾಗಿ ಒಣಗದಿದ್ದರೆ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ ತಿಂದು ಸುಮಾರು ಒಂದು ಲಕ್ಷ ಟರ್ಕಿ ಕೋಳಿಗಳು ಸತ್ತವು. ಅದೇ ಹೊತ್ತಿಗೆ ಅಮೆರಿಕಾದಲ್ಲಿ ಹತ್ತಿಕಾಳು ಹಿಂಡಿಯ ಮೇವು ತಿಂದ ಟ್ರೌಟ್ ಮೀನುಗಳ ಪಿತ್ತಜನಕಾಂಗದಲ್ಲಿ ಗಡ್ಡೆ ಬೆಳೆಯಿತು. ಕ್ಯಾಟ್ ಫಿಶ್ ಟ್ರೌಟ್‌ಗಿಂತ ಗಟ್ಟಿ, ಬೇಗ ಸಾಯುವುದಿಲ್ಲ. ಅದೇ ನಮಗೆ ಮೋಸ! ಸತ್ತರೆ ಕಣ್ಣಿಗೆ ಕಾಣುತ್ತದೆ. ಸಾಯದೆ ಸೊರಗಿದರೆ ಮೇವು ಖರ್ಚಾಗುತ್ತಲೇ ಇರುತ್ತದೆ, ಬಡ್ಡಿ ಬೆಳೆಯುತ್ತಲೇ ಇರುತ್ತದೆ.

ಲೆಕ್ಕ ಹಾಕಿ ನೋಡಿ. ಮೇವು ಕಿಲೋಗೆ 40 ರೂಪಾಯಿ ಎಂದು ಇಟ್ಟುಕೊಳ್ಳಿ. ಒಳ್ಳೆ ಮೇವು ಒಂದೂವರೆ ಕಿಲೋ ತಿಂದು ಒಂದು ಕಿಲೋ ಮೀನಾದರೆ, ಒಂದು ಟನ್ ಮೀನಿಗೆ ಮೇವಿನ ಖರ್ಚು 60,000. ಕೆಟ್ಟ ಮೇವು ಎರಡು ಕಿಲೋ ಬೇಕಾದರೆ 80,000. ಈ 20,000 ಯಾರ ಕಿಸೆಯಿಂದ ಹೋಯಿತು? ಅಂಗಡಿಯವನ ಕಿಸೆಯಿಂದಂತೂ ಅಲ್ಲ.

ಮೇವು ಚೆನ್ನಾಗಿದ್ದರೆ ಸಾಕೇ ಎಂದರೆ, ಅದೂ ಸಾಲದು. ಮಿಸಿಸಿಪ್ಪಿಯ ರೈತರು ಸ್ವಂತ ಮೇವಿನ ಗಿರಣಿ ಕಟ್ಟಿಕೊಂಡರು. 1981ರಲ್ಲಿ ಷೇರು ಹಾಕಿ ಡೆಲ್ಟಾ ಪ್ರೈಡ್ ಎಂಬ ಮೀನು ಸಂಸ್ಕರಣೆಯ ಕಾರ್ಖಾನೆ ಮಾಡಿಕೊಂಡರು. ಆದರೂ 2008ರ ಸುಮಾರಿಗೆ ಸೋಯಾ, ಮೆಕ್ಕೆಜೋಳದ ಬೆಲೆ ಏರಿತು, ಮೇವು ದುಬಾರಿಯಾಯಿತು. ಇತ್ತ ವಿಯೆಟ್ನಾಂನಿಂದ ಅಗ್ಗದ ಪಂಗಾಸಿಯಸ್ ಬರುತ್ತಿದ್ದುದರಿಂದ ಮೀನಿನ ಬೆಲೆ ಏರಿಸುವಂತಿರಲಿಲ್ಲ. ಒಂದು ಲಕ್ಷ ಎಕರೆಗೂ ಮಿಕ್ಕಿದ್ದ ಅಲ್ಲಿನ ಮೀನಿನ ಕೆರೆಗಳು ಅರ್ಧಕ್ಕಿಂತ ಕೆಳಗಿಳಿದವು. ಕಾಳು ಬೆಳೆಯುವ ರೈತನಿಗೆ ಸಿಕ್ಕ ಬೆಲೆ ಮೀನು ಸಾಕುವ ರೈತನಿಗೆ ಖರ್ಚು. ಕಾಳಿಗೆ ಬೆಲೆ ಬೇಡ ಎಂದು ನಾವು ಹೇಳಲಾರೆವು. ಮೀನಿಗೂ ಖರ್ಚಿಗೆ ತಕ್ಕ ಬೆಲೆ ಬೇಕು ಎಂದೇ ಕೇಳಬೇಕು.

ಈಗ ನಾವು ಮಾಡಬೇಕಾದದ್ದೇನು?

ಮೇವನ್ನು ಕಡ ತಂದು, ಮೀನನ್ನೂ ಅವನಿಗೇ ಕೊಡುತ್ತೇನೆಂದು ಒಪ್ಪಿಕೊಳ್ಳಬೇಡಿ. ಕಡ ತಂದವನು ಬೂಷ್ಟು ಚೀಲವನ್ನು ವಾಪಸು ಕೊಡಲಾರ, ಮೀನಿನ ಬೆಲೆಯನ್ನೂ ಕೇಳಲಾರ. ಹತ್ತು ಮಂದಿ ಸೇರಿ ನಗದು ಕೊಟ್ಟು ಒಟ್ಟಿಗೆ ತನ್ನಿ. ಚೀಲದ ಮೇಲೆ ತಯಾರಾದ ತಾರೀಖು, ಸಸಾರಜನಕದ ಪ್ರಮಾಣ ನೋಡಿ, ರಸೀದಿ ಇಟ್ಟುಕೊಳ್ಳಿ. ಪ್ರತಿ ಸಲ ತಂದ ಮಾಲಿನಿಂದ ಒಂದು ಸೇರು ತೆಗೆದು ಒಣ ಡಬ್ಬಿಯಲ್ಲಿಡಿ. ಜಗಳ ಬಂದಾಗ ಅದೇ ಸಾಕ್ಷಿ. ಚೀಲವನ್ನು ನೆಲದಿಂದ ಮೇಲೆ, ಗೋಡೆಗೆ ತಾಗದಂತೆ ಹಲಗೆಯ ಮೇಲೆ ಜೋಡಿಸಿ. ಬೂಷ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿದರೆ ವಿಷ ಪೂರ್ತಿ ಹೋಗದು, ಬೇಯಿಸಿದರೂ ಹೋಗದು. ಅದನ್ನು ಮೀನಿಗೂ ಹಾಕಬೇಡಿ, ಹಸುವಿಗೂ ಹಾಕಬೇಡಿ. ಹದಿನೈದು ದಿನಕ್ಕೊಮ್ಮೆ ಒಂದಷ್ಟು ಮೀನು ಹಿಡಿದು ತೂಗಿ, ಹಾಕಿದ ಮೇವನ್ನೂ ಪಕ್ಕದಲ್ಲೇ ಬರೆದಿಡಿ. ಮೇವಿಗೆ ತಕ್ಕಂತೆ ತೂಕ ಬರದಿದ್ದರೆ ಮುಂದಿನ ಚೀಲಕ್ಕೆ ದುಡ್ಡು ಕೊಡುವ ಮೊದಲು ಕಾರಣ ಕೇಳಿ.