ಮೊಣಕಾಲಿನ ಎಂ.ಆರ್.ಐ. ಸ್ಕ್ಯಾನಿಂಗ್: ರೋಗಿಗಳು ತಿಳಿದಿರಬೇಕಾದ ಸಂಗತಿಗಳು

(ರೋಣದಲ್ಲಿ ಸಂಘದ ಸದಸ್ಯರು ಮತ್ತು ವಿದ್ಯಾರ್ಥಿಗಳಿಗಾಗಿ ನಡೆದ ಆರೋಗ್ಯ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣ)



ಮಸೀದಿಗಳಲ್ಲಿ ಕುರ್ಚಿಯ ಮೇಲೆ ಕುಳಿತು ನಮಾಜ್ ಮಾಡುವ ಹಿರಿಯರನ್ನು ನೀವೆಲ್ಲ ಕಂಡಿದ್ದೀರಿ. ಸಜ್ದಾಕ್ಕೆ ಹೋದರೆ ಮೇಲೇಳಲು ಮೊಣಕಾಲು ಬಿಡುವುದಿಲ್ಲ. ಎರೆ ಹೊಲದಲ್ಲಿ ತುದಿಗಾಲ ಮೇಲೆ ಕುಳಿತು ಕಳೆ ತೆಗೆದ ನಮ್ಮ ತಾಯಂದಿರ ಗೋಳೂ ಇದೇ. ಈಗೀಗ ನೋವು ಕಾಣಿಸಿದ ಕೂಡಲೇ "ಒಂದು ಎಂ.ಆರ್.ಐ. ಮಾಡಿಸಿಬಿಡೋಣ" ಎನ್ನುವುದು ರೂಢಿಯಾಗುತ್ತಿದೆ. ಗದಗಿಗೋ ಹುಬ್ಬಳ್ಳಿಗೋ ಹೋಗಿ ಸಾವಿರಾರು ರೂಪಾಯಿ ಕೊಟ್ಟು ಬರುತ್ತಾರೆ. ಎಷ್ಟೋ ಮನೆಗಳಲ್ಲಿ ಅದು ಸಾಲದ ಹಣ, ಬೆಂಡೋಲೆ ಒತ್ತೆಯಿಟ್ಟು ತಂದ ಹಣ. ಆದುದರಿಂದ ಈ ಪರೀಕ್ಷೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನೇ ಮೊದಲು ಹೇಳುತ್ತೇನೆ.

ಎಕ್ಸ್-ರೇ ಮುಖ್ಯವಾಗಿ ಎಲುಬನ್ನು ತೋರಿಸುತ್ತದೆ. ಎಂ.ಆರ್.ಐ. ಎಲುಬಿನ ಜೊತೆಗೆ ಲಿಗಮೆಂಟು, ಸ್ನಾಯು ಹಾಗೂ ಎರಡು ಎಲುಬುಗಳ ನಡುವೆ ಮೆತ್ತೆಯಂತಿರುವ ಮೆನಿಸ್ಕಸ್ ಅನ್ನೂ ತೋರಿಸುತ್ತದೆ. ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಕೆಲಸ ಮಾಡುವುದು ಬಲವಾದ ಅಯಸ್ಕಾಂತ ಮತ್ತು ರೇಡಿಯೋ ಅಲೆಗಳು. (ಇದಕ್ಕಾಗಿ 2003ರಲ್ಲಿ ವೈದ್ಯಕೀಯ ನೊಬೆಲ್ ಪಡೆದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಇಬ್ಬರೂ ವೈದ್ಯರಲ್ಲ, ಒಬ್ಬರು ರಸಾಯನಶಾಸ್ತ್ರಜ್ಞ, ಇನ್ನೊಬ್ಬರು ಭೌತಶಾಸ್ತ್ರಜ್ಞ. ವಿಜ್ಞಾನ ವಿದ್ಯಾರ್ಥಿಗಳು ಗಮನಿಸಬೇಕು.)

ಕಬಡ್ಡಿಯಲ್ಲೋ ವಾಲಿಬಾಲ್‌ನಲ್ಲೋ ಕಾಲು ತಿರುಚಿ, "ಟಕ್" ಎಂದು ಸದ್ದಾಗಿ, ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿದರೆ ಲಿಗಮೆಂಟು ಹರಿದಿರುವ ಸಂಭವವಿದೆ. ಆಮೇಲೆ ನಡೆಯುವಾಗ ಕಾಲು ಜೋಲಿ ಹೊಡೆಯುವುದು, ಮಡಚಿದ ಕಾಲು ನೆಟ್ಟಗಾಗದೆ ಸಿಕ್ಕಿಹಾಕಿಕೊಳ್ಳುವುದು, ಇಂಥ ಲಕ್ಷಣಗಳಿದ್ದರೆ ಎಂ.ಆರ್.ಐ. ನಿಜಕ್ಕೂ ಉಪಯುಕ್ತ. ಎಣ್ಣೆ ತಿಕ್ಕಿಸಿಕೊಳ್ಳುತ್ತ ತಿಂಗಳುಗಟ್ಟಲೆ ಕಾಲಹರಣ ಮಾಡಬಾರದು. ಜ್ವರ ಬಂದು ಮೊಣಕಾಲು ಕೆಂಪಾಗಿ ಬಿಸಿಯಾದರಂತೂ ಸ್ಕ್ಯಾನಿನ ಸರದಿಗೆ ಕಾಯದೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಆದರೆ ಐವತ್ತು ದಾಟಿದವರಲ್ಲಿ ನಿಧಾನವಾಗಿ ಬಂದ ಸವಕಳಿ ನೋವಿಗೆ ವೈದ್ಯರು ಕೈಯಿಂದ ಮಾಡುವ ಪರೀಕ್ಷೆ, ಬೇಕಾದರೆ ನಿಂತುಕೊಂಡು ತೆಗೆಸಿದ ಎಕ್ಸ್-ರೇ, ಬಹುಪಾಲು ಇಷ್ಟೇ ಸಾಕು. ಅಮೆರಿಕದಲ್ಲಿ 50ರಿಂದ 90 ವಯಸ್ಸಿನ 991 ಜನರ ಮೊಣಕಾಲನ್ನು ಎಂ.ಆರ್.ಐ.ಯಲ್ಲಿ ನೋಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ನೋವೇ ಇರಲಿಲ್ಲ! ಅಂದರೆ ವಯಸ್ಸಾದವರ ರಿಪೋರ್ಟಿನಲ್ಲಿ "ಟೇರ್" ಎಂಬ ಶಬ್ದ ಕಂಡರೆ ನೋವಿಗೆ ಅದೇ ಕಾರಣ ಎನ್ನುವಂತಿಲ್ಲ. 2013ರಲ್ಲಿ ಫಿನ್ಲೆಂಡಿನ ವೈದ್ಯರು ಇನ್ನೂ ಮುಂದೆ ಹೋದರು. ಸವಕಳಿಯಿಂದ ಮೆನಿಸ್ಕಸ್ ಹರಿದ 146 ಜನರಲ್ಲಿ ಕೆಲವರಿಗೆ ದುರ್ಬೀನಿನ ಶಸ್ತ್ರಕ್ರಿಯೆ, ಉಳಿದವರಿಗೆ ಬರಿಯ ನಟನೆಯ ಶಸ್ತ್ರಕ್ರಿಯೆ ಮಾಡಿದರು. ಒಂದು ವರ್ಷದ ನಂತರ ಎರಡೂ ಗುಂಪುಗಳಲ್ಲಿ ಗುಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಹಾಗಾಗಿ ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: "ಸಾಹೇಬ್ರೆ, ಈ ಸ್ಕ್ಯಾನಿನಿಂದ ನನ್ನ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?" ಏನೂ ಬದಲಾಗದಿದ್ದರೆ ಆ ಹಣ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ ಕಲಿಯುವುದಕ್ಕೆ ಹೋಗಲಿ.

ಸ್ಕ್ಯಾನ್ ಬೇಕೆಂದೇ ಆದರೆ ಮುಖ್ಯ ಮಾತು ಲೋಹದ್ದು. ಸಾಮಾನ್ಯವಾಗಿ ಬಳಸುವ 1.5 ಟೆಸ್ಲಾ ಯಂತ್ರದ ಸೆಳೆತ ಭೂಮಿಯ ಕಾಂತಶಕ್ತಿಯ ಸುಮಾರು 30 ಸಾವಿರ ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಆ ಅಯಸ್ಕಾಂತ ಚಾಲೂ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯ ನಾಯರ್ ಆಸ್ಪತ್ರೆಯಲ್ಲಿ ಸಂಬಂಧಿಕರ ಸ್ಕ್ಯಾನಿಗೆಂದು ಜೊತೆಗೆ ಬಂದ ಯುವಕನೊಬ್ಬ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋಗಿ, ಯಂತ್ರಕ್ಕೆ ಸೆಳೆಯಲ್ಪಟ್ಟು ಪ್ರಾಣ ಬಿಟ್ಟ. 2025ರ ಜುಲೈಯಲ್ಲಿ ನ್ಯೂಯಾರ್ಕ್ ಬಳಿ ಹೆಂಡತಿಯ ಮೊಣಕಾಲಿನ ಸ್ಕ್ಯಾನ್ ಮುಗಿದಾಗ ಅವಳನ್ನು ಎಬ್ಬಿಸಲು ಒಳಗೆ ಹೋದ ಗಂಡ, ಕೊರಳಲ್ಲಿದ್ದ ದಪ್ಪ ಲೋಹದ ಸರಪಳಿಯಿಂದಾಗಿ ಸತ್ತ. ಇಬ್ಬರೂ ರೋಗಿಗಳಲ್ಲ, ಜೊತೆಗೆ ಹೋದವರು! ನಮ್ಮಲ್ಲಿ ಒಬ್ಬ ರೋಗಿಯ ಹಿಂದೆ ನಾಲ್ವರು ಹೋಗುವ ಪದ್ಧತಿ. ಅವರೆಲ್ಲ ಹೊರಗೇ ಕೂರಬೇಕು.

ಕಾಲುಂಗುರ, ಮೂಗುತಿ, ಬುರ್ಖಾದ ಪಿನ್ನು, ಕೈಗಡಿಯಾರ, ಮೊಬೈಲು, ಎ.ಟಿ.ಎಂ. ಕಾರ್ಡು ಎಲ್ಲವನ್ನೂ ಹೊರಗಿಡಿ. ಬೆಳ್ಳಿ ಅಥವಾ ತಗಡಿನ ಡಬ್ಬಿಯೊಳಗಿನ ತಾಯತವನ್ನೂ ಬಿಚ್ಚಲೇಬೇಕು; ಮನಸ್ಸು ಒಪ್ಪದವರು ಅದನ್ನು ಜೊತೆಗಿದ್ದವರ ಕೈಗೆ ಕೊಟ್ಟಿರಲಿ. ಹೃದಯದ ಪೇಸ್‌ಮೇಕರ್, ಕಿವಿಯ ಕಾಕ್ಲಿಯರ್ ಯಂತ್ರ, ಮಿದುಳಿನ ರಕ್ತನಾಳದ ಕ್ಲಿಪ್ ಇದ್ದವರು ಮೊದಲೇ ಹೇಳಿ, ಅದರ ಕಾಗದಪತ್ರ ತೋರಿಸಬೇಕು. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದ ಹುಡುಗರ ಕಣ್ಣಿಗೆ ಎಂದಾದರೂ ಕಬ್ಬಿಣದ ಚೂರು ಹೊಕ್ಕಿದ್ದರೆ ಅದನ್ನೂ ಮುಚ್ಚಿಡಬಾರದು, ಅದು ಕದಲಿದರೆ ಕಣ್ಣೇ ಹೋದೀತು. ಮುರಿದ ಎಲುಬಿಗೆ ಹಾಕಿದ ರಾಡು, ಪ್ಲೇಟು ಸಾಮಾನ್ಯವಾಗಿ ತೊಂದರೆ ಕೊಡುವುದಿಲ್ಲ, ಆದರೆ ಹತ್ತಿರದ ಚಿತ್ರ ಕೆಡುತ್ತದೆ, ಅದನ್ನೂ ತಿಳಿಸಿ. ಗರ್ಭಿಣಿಯರೂ ಹೇಳಬೇಕು.

ಉಳಿದದ್ದು ಸುಲಭ. ಅರ್ಧ ಗಂಟೆ ಆಚೀಚೆ ಕಾಲು ಅಲುಗಿಸದೆ ಮಲಗಬೇಕು. ಕಾಲು ಮುಂದಾಗಿ ಒಳಗೆ ಹೋಗುವುದರಿಂದ ತಲೆ ಬಹುತೇಕ ಹೊರಗೋ ಅಂಚಿನಲ್ಲೋ ಇರುತ್ತದೆ. ಯಂತ್ರ ದಡಬಡ ಸದ್ದು ಮಾಡುತ್ತದೆ, ಕಿವಿಗೆ ರಕ್ಷಣೆ ಕೇಳಿ ಪಡೆಯಿರಿ. ಕೈಗೆ ಕೊಡುವ ಗುಂಡಿ ಒತ್ತಿದರೆ ಸಿಬ್ಬಂದಿ ಬರುತ್ತಾರೆ. ಮೊಣಕಾಲಿಗೆ ಸಾಮಾನ್ಯವಾಗಿ ಇಂಜೆಕ್ಷನ್ ಬೇಕಿಲ್ಲ, ಉಪವಾಸವೂ ಬೇಕಿಲ್ಲ. ರೋಜಾ ಇದ್ದವರು ಹಾಗೆಯೇ ಮಾಡಿಸಬಹುದು.

ರಿಪೋರ್ಟಿನ ಜೊತೆ ಫಿಲ್ಮು ಮತ್ತು ಸಿ.ಡಿ. ಕೇಳಿ ಪಡೆದು ಜೋಪಾನವಾಗಿಡಿ. ಬೇರೆ ವೈದ್ಯರ ಅಭಿಪ್ರಾಯ ಬೇಕಾದಾಗ ಅವೇ ಸಾಕಾಗುತ್ತವೆ, ಇನ್ನೊಮ್ಮೆ ದುಡ್ಡು ಕೊಡಬೇಕಾಗುವುದಿಲ್ಲ. ಇಂದು ಯಾರಾದರೂ ತಮ್ಮ ರಿಪೋರ್ಟು ತಂದಿದ್ದರೆ ಸಭೆಯ ನಂತರ ಒಟ್ಟಿಗೆ ಕುಳಿತು ನೋಡೋಣ.