ಪಿಸ್ಟನ್ನಿನ ತಲೆಯ ಮೇಲಿನ ಜಾಗ

ಗಾಡಿ ಎಷ್ಟು ಸಿಸಿ ಎಂದು ಕೇಳುವುದು ನಮ್ಮೆಲ್ಲರ ರೂಢಿ. ನೂರು, ನೂರೈವತ್ತು, ಮುನ್ನೂರೈವತ್ತು ಎಂದು ಉತ್ತರ ಬರುತ್ತದೆ. ಅದು ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುವ ಜಾಗದ ಅಳತೆ. ಆದರೆ ಪಿಸ್ಟನ್ ತುತ್ತತುದಿಗೆ ಬಂದು ನಿಂತಾಗಲೂ ಅದರ ತಲೆಯ ಮೇಲೆ ಒಂದಿಷ್ಟು ಜಾಗ ಉಳಿದಿರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಸಿಲಿಂಡರ್ ಹೆಡ್ಡಿನೊಳಗಿನ ಚೇಂಬರ್. ಪೆಟ್ರೋಲು ಹತ್ತಿಕೊಳ್ಳುವುದು ಅಲ್ಲಿ. ಆ ಜಾಗ ಕಿರಿದಾದಷ್ಟೂ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಹೆಚ್ಚು ಒತ್ತಿಕೊಳ್ಳುತ್ತದೆ, ಕಂಪ್ರೆಷನ್ ಏರುತ್ತದೆ, ಅಷ್ಟೇ ಪೆಟ್ರೋಲಿನಿಂದ ಹೆಚ್ಚು ಕೆಲಸ ಸಿಗುತ್ತದೆ. ಪುಸ್ತಕದ ಆದರ್ಶ ಲೆಕ್ಕದಲ್ಲಿ ಕಂಪ್ರೆಷನ್ 4 ಇದ್ದರೆ, ಅಂದರೆ ಮಿಶ್ರಣ ನಾಲ್ಕನೇ ಒಂದು ಪಾಲಿನ ಜಾಗಕ್ಕೆ ಒತ್ತಿಕೊಂಡರೆ, ಶಾಖದ ನೂರರಲ್ಲಿ 43 ಪಾಲು ಕೆಲಸವಾಗುತ್ತದೆ. 8 ಇದ್ದರೆ 56, 10 ಇದ್ದರೆ 60.

ಹಾಗಾದರೆ ಚೇಂಬರನ್ನು ಬೇಕಾದಷ್ಟು ಕಿರಿದು ಮಾಡಬಾರದೇಕೆ? ಅಡ್ಡ ಬರುವುದು ನಾಕಿಂಗ್. ಸ್ಪಾರ್ಕ್ ಪ್ಲಗ್ಗಿನಿಂದ ಹೊರಟ ಜ್ವಾಲೆ ಮೂಲೆ ತಲುಪುವ ಮೊದಲೇ, ಅಲ್ಲಿ ಒತ್ತಡಕ್ಕೆ ಕಾದು ನಿಂತಿದ್ದ ಮಿಶ್ರಣ ತಾನಾಗಿ ಸಿಡಿಯುತ್ತದೆ. ಲೋಹಕ್ಕೆ ಸುತ್ತಿಗೆಯಿಂದ ಬಡಿದಂತೆ ಸದ್ದು ಕೇಳಿಸುತ್ತದೆ. ಬಡಿತ ಮುಂದುವರಿದರೆ ಪಿಸ್ಟನ್ ಒಡೆಯಬಹುದು.

1876ರಲ್ಲಿ ಜರ್ಮನಿಯ ನಿಕೊಲೌಸ್ ಆಟೊ ನಾಲ್ಕು ಸ್ಟ್ರೋಕಿನ ಎಂಜಿನ್ ಓಡಿಸಿದಾಗ ಅದರ ಕಂಪ್ರೆಷನ್ ಎರಡೂವರೆಯಷ್ಟಿತ್ತು. ನಲವತ್ತು ವರ್ಷ ಕಳೆದರೂ ಕಾರುಗಳು 4ರ ಆಸುಪಾಸಿನಲ್ಲೇ ಇದ್ದವು. ಮೊದಲನೆಯ ಮಹಾಯುದ್ಧ ಮುಗಿದ ಹೊತ್ತಿಗೆ ಈ ಗೋಡೆಯನ್ನು ದಾಟಲು ಎರಡು ದಾರಿಗಳು ಕಂಡವು.

ಮೊದಲನೆಯದು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ತೋರಿಸಿದ ದಾರಿ. ಓಡುತ್ತಿರುವಾಗಲೇ ಕಂಪ್ರೆಷನ್ ಬದಲಿಸಬಲ್ಲ ಪರೀಕ್ಷಾ ಎಂಜಿನ್ ಕಟ್ಟಿ, ಯಾವ ಪೆಟ್ರೋಲು ಎಲ್ಲಿಯವರೆಗೆ ತಡೆದುಕೊಳ್ಳುತ್ತದೆಂದು ಅವರು ಅಳೆದರು. ಜೊತೆಗೆ ಚೇಂಬರಿನ ಆಕಾರವನ್ನೇ ಬದಲಿಸಿದರು. ಹೆಡ್ಡಿನ ಒಂದು ಭಾಗ ಪಿಸ್ಟನ್ನಿಗೆ ತಾಗಿಯೂ ತಾಗದಷ್ಟು ಹತ್ತಿರವಿದ್ದರೆ, ಅಲ್ಲಿನ ಮಿಶ್ರಣ ಹಿಂಡಿಕೊಂಡು ಪ್ಲಗ್ಗಿನ ಕಡೆಗೆ ನುಗ್ಗುತ್ತದೆ. ಅದರಿಂದ ಉರಿ ಬೇಗ ಹಬ್ಬುತ್ತದೆ, ಮೂಲೆಯಲ್ಲಿ ಸಿಡಿಯಲು ಹೆಚ್ಚು ಮಿಶ್ರಣ ಉಳಿಯುವುದಿಲ್ಲ.

ಎರಡನೆಯ ದಾರಿ ಅಮೆರಿಕದ ಡೇಟನ್ ನಗರದಲ್ಲಿ ಸಿಕ್ಕಿತು. 1921ರ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್‌ನ ಚಾರ್ಲ್ಸ್ ಕೆಟರಿಂಗ್ ಅವರ ಕೈಕೆಳಗೆ ದುಡಿಯುತ್ತಿದ್ದ ಥಾಮಸ್ ಮಿಜ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಚೂರೇ ಚೂರು ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಕೊಂಡರು. 1923ರಲ್ಲಿ ಮಾರಾಟವೂ ಶುರುವಾಯಿತು. ಸೀಸ ವಿಷವೆಂಬುದು ಆಗಲೇ ಗೊತ್ತಿದ್ದ ಸಂಗತಿ. 1924ರಲ್ಲಿ ನ್ಯೂ ಜೆರ್ಸಿಯ ಘಟಕವೊಂದರಲ್ಲಿ ಐವರು ಕಾರ್ಮಿಕರು ಈ ವಿಷ ತಗಲಿ ಸತ್ತರು. ಆದರೂ ಉದ್ಯಮ ಹಿಡಿದದ್ದು ಈ ಅಗ್ಗದ ದಾರಿಯನ್ನೇ.

ಬಿಗ್ ಬ್ಲಾಕ್ ಎಂದು ಕರೆಯುವ ಅಮೆರಿಕದ ದೊಡ್ಡ ವಿ-8 ಎಂಜಿನ್‌ಗಳು ಬೆಳೆದದ್ದು ಈ ಸೀಸದ ಬೆಂಬಲದಲ್ಲಿ. 1947ರಲ್ಲಿ ಕೆಟರಿಂಗ್ ಹನ್ನೆರಡೂವರೆ ಕಂಪ್ರೆಷನ್ನಿನ ಪ್ರಯೋಗದ ಎಂಜಿನ್ ಮುಂದಿಟ್ಟರು. 1949ರ ಓಲ್ಡ್ಸ್‌ಮೊಬೀಲ್ ಮತ್ತು ಕ್ಯಾಡಿಲಾಕ್ ವಿ-8ಗಳು ಏಳು, ಏಳೂವರೆಯಿಂದ ಶುರುಮಾಡಿದವು. 1958ರಲ್ಲಿ ಷೆವ್ರೊಲೆಯ 348 ಘನ ಅಂಗುಲದ ಎಂಜಿನ್ ಬಂತು. ಅದರ ಹೆಡ್ಡಿನ ತಳ ಬಹುಪಾಲು ಸಪಾಟು. ಸಿಲಿಂಡರುಗಳಿರುವ ಬ್ಲಾಕಿನ ಮೇಲ್ಮೈಯನ್ನು ಓರೆಯಾಗಿ ಕತ್ತರಿಸಿ, ಚೇಂಬರನ್ನು ಸಿಲಿಂಡರಿನ ಒಳಗೇ ಮಾಡಿದ್ದರು. 1965ರಲ್ಲಿ 396 ಬಂದಾಗ ಚೇಂಬರ್ ಮತ್ತೆ ಹೆಡ್ಡಿಗೆ ಮರಳಿತು. ವಾಲ್ವುಗಳು ಒಂದೊಂದು ದಿಕ್ಕಿಗೆ ವಾಲಿ ನಿಂತಿದ್ದರಿಂದ ಅದಕ್ಕೆ ಮುಳ್ಳುಹಂದಿ ಹೆಡ್ ಎಂದೇ ಹೆಸರಾಯಿತು.

ಅದೇ ವಂಶದ 427 ಘನ ಅಂಗುಲದ ಎಲ್-88 ಎಂಜಿನ್ 1967ರಲ್ಲಿ ಕೆಟರಿಂಗ್ ಅವರ ಹನ್ನೆರಡೂವರೆಯನ್ನು ಮುಟ್ಟಿತು. ನಾಕಿಂಗ್ ತಡೆಯುವ ಶಕ್ತಿಯ ಅಳತೆಯಾದ ಆಕ್ಟೇನ್ ಕನಿಷ್ಠ 103 ಇರುವ ಪೆಟ್ರೋಲನ್ನೇ ಹಾಕಬೇಕೆಂದು ಕಾರಿನೊಳಗೆ ಎಚ್ಚರಿಕೆಯ ಪಟ್ಟಿ ಅಂಟಿಸಿದ್ದರು. 1970ರ 454 ಘನ ಅಂಗುಲದ ಎಲ್‌ಎಸ್-6 ಎಂಜಿನ್ನಿಗೆ ಹನ್ನೊಂದೂಕಾಲು ಕಂಪ್ರೆಷನ್, 450 ಅಶ್ವಶಕ್ತಿ.

ಮರುವರ್ಷವೇ ಗಾಳಿ ತಿರುಗಿತು. ಅಮೆರಿಕದ ನಗರಗಳ ಹೊಗೆಯನ್ನು ತಡೆಯಲು 1970ರಲ್ಲಿ ಕಾನೂನು ಬಂತು. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೀಸ ತಗಲಿದರೆ ಕೆಡುತ್ತದೆ, ಆದ್ದರಿಂದ ಸೀಸ ಹೋಗಲೇಬೇಕಿತ್ತು. ಜನರಲ್ ಮೋಟಾರ್ಸ್ 1971ರ ಕಾರುಗಳೆಲ್ಲ 91 ಆಕ್ಟೇನಿನಲ್ಲಿ ಓಡುವಂತೆ ಕಂಪ್ರೆಷನ್ ಇಳಿಸಿತು. ಸಾಮಾನ್ಯ 454 ಎಂಟೂವರೆಗೆ ಬಂದು ನಿಂತಿತು. ಗಾಳಿ ಸಲೀಸಾಗಿ ಹರಿಯಲೆಂದು ರೇಸಿಗಾಗಿ ರೂಪಿಸಿದ್ದ ಅಗಲ ಬಾಯಿಯ ಓಪನ್ ಚೇಂಬರ್, ಈಗ ಕಂಪ್ರೆಷನ್ ತಗ್ಗಿಸಲು ಒದಗಿಬಂತು.

ಅದರ ಪರಿಣಾಮ ಎಷ್ಟೆಂದು ನೋಡೋಣ. 454ರ ಒಂದು ಸಿಲಿಂಡರಿನಲ್ಲಿ ಪಿಸ್ಟನ್ ಓಡಾಡುವ ಜಾಗ ಸುಮಾರು 930 ಸಿಸಿ. ಪಿಸ್ಟನ್ನಿನ ತಲೆ ಸಪಾಟಾಗಿದೆ ಎಂದುಕೊಳ್ಳಿ. ಹೆಡ್ಡಿಗೂ ಬ್ಲಾಕಿಗೂ ನಡುವಿನ ಗ್ಯಾಸ್ಕೆಟ್ಟಿನ ದಪ್ಪಕ್ಕೆ 10 ಸಿಸಿ, ಪಿಸ್ಟನ್ ಬ್ಲಾಕಿನ ಅಂಚಿಗಿಂತ ಕೊಂಚ ಕೆಳಗೆ ನಿಲ್ಲುವುದರಿಂದ 5 ಸಿಸಿ. ಇದಕ್ಕೆ ಹಿಂದಿನ ಕಿರಿದಾದ, 101 ಸಿಸಿಯ ಕ್ಲೋಸ್ಡ್ ಚೇಂಬರ್ ಸೇರಿಸಿದರೆ ಒಟ್ಟು 116. ಇದಕ್ಕೆ 930 ಕೂಡಿಸಿ 116ರಿಂದ ಭಾಗಿಸಿ: ಕಂಪ್ರೆಷನ್ 9. ಚೇಂಬರ್ 118 ಸಿಸಿಯ ಓಪನ್ ಆದರೆ ಒಟ್ಟು 133, ಕಂಪ್ರೆಷನ್ 8. ಮೂರು ಟೀ ಚಮಚಕ್ಕಿಂತ ತುಸು ಹೆಚ್ಚು ದ್ರವ ಹಿಡಿಸುವ ವ್ಯತ್ಯಾಸಕ್ಕೆ ಪೂರಾ ಒಂದು ಅಂಕ ಹೋಯಿತು. ಪಿಸ್ಟನ್ನಿಗೆ ಹತ್ತಿರವಿದ್ದ ಸಪಾಟು ಭಾಗವೂ ಕಡಿಮೆಯಾದ್ದರಿಂದ, ರಿಕಾರ್ಡೊ ತೋರಿಸಿದ್ದ ಆ ಹಿಂಡುವ ಗುಣವೂ ತಗ್ಗಿತು.

ಆದ್ದರಿಂದಲೇ ಇಂದು ಹಳೆಯ ಬಿಗ್ ಬ್ಲಾಕ್ ಕಟ್ಟುವ ಮೆಕ್ಯಾನಿಕ್ ಕ್ಯಾಟಲಾಗಿನ ಅಂಕಿಯನ್ನು ಕಣ್ಣುಮುಚ್ಚಿ ನಂಬುವುದಿಲ್ಲ. ಹೆಡ್ಡನ್ನು ಮಗುಚಿಟ್ಟು, ಪ್ಲಗ್ಗು ವಾಲ್ವು ಕೂರಿಸಿ, ಗ್ರೀಸ್ ಸವರಿ, ತೂತಿರುವ ಪಾರದರ್ಶಕ ಪ್ಲಾಸ್ಟಿಕ್ ಹಲಗೆಯನ್ನು ಮುಚ್ಚುತ್ತಾನೆ. ಬ್ಯುರೆಟ್ಟಿನಿಂದ ಬಣ್ಣದ ದ್ರವ ಬಿಟ್ಟು, ಗಾಳಿಗುಳ್ಳೆ ಉಳಿಯದಂತೆ ತುಂಬಿಸಿ ಅಳೆಯುತ್ತಾನೆ. ಎಂಟು ಚೇಂಬರುಗಳನ್ನೂ ಹೀಗೆ ನೋಡಬೇಕು, ಏಕೆಂದರೆ ಎರಕದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಆಗಿರುತ್ತದೆ. ಯಾವ ಪೆಟ್ರೋಲು ಹಾಕುತ್ತೇನೆ ಎಂಬುದನ್ನು ಮೊದಲು ತೀರ್ಮಾನಿಸಿ, ಅದಕ್ಕೆ ಹೊಂದುವ ಹೆಡ್, ಪಿಸ್ಟನ್, ಗ್ಯಾಸ್ಕೆಟ್ ಆರಿಸುವುದು ಸರಿಯಾದ ಕ್ರಮ. ಪಿಸ್ಟನ್ನಿಗೂ ಹೆಡ್ಡಿನ ಸಪಾಟು ಭಾಗಕ್ಕೂ ನಡುವೆ ಸುಮಾರು ಒಂದು ಮಿಲಿಮೀಟರ್ ಬಿಟ್ಟು ಕಟ್ಟುವವರು ರಿಕಾರ್ಡೊ ಅವರ ಪಾಠವನ್ನೇ ಪಾಲಿಸುತ್ತಿದ್ದಾರೆ.

ಅಮೆರಿಕದ ರಸ್ತೆಗಳಿಂದ ಸೀಸದ ಪೆಟ್ರೋಲು ಪೂರ್ತಿ ಹೋದದ್ದು 1996ರಲ್ಲಿ. ನಮ್ಮ ದೇಶದ ಬಂಕುಗಳಲ್ಲಿ 2000ದ ಫೆಬ್ರವರಿಯಲ್ಲಿ ಅದು ನಿಂತಿತು. ಅಷ್ಟರೊಳಗೆ ಕೋಟ್ಯಂತರ ಮಕ್ಕಳ ರಕ್ತಕ್ಕೆ ಆ ಸೀಸ ಸೇರಿಹೋಗಿತ್ತು. ಎಳೆಯ ಮಿದುಳಿಗೆ ಅದು ಮಾಡುವ ಹಾನಿ ಮತ್ತೆ ಸರಿಹೋಗುವಂಥದ್ದಲ್ಲ.

ಸೀಸವಿಲ್ಲದೆ ಹೆಚ್ಚಿನ ಕಂಪ್ರೆಷನ್ ಅಸಾಧ್ಯವಾಗಿತ್ತೇ? 2011ರಲ್ಲಿ ಜಪಾನಿನ ಮಜ್ದಾ ಕಂಪನಿ 14 ಕಂಪ್ರೆಷನ್ನಿನ ಪೆಟ್ರೋಲ್ ಕಾರನ್ನು ಮಾರಾಟಕ್ಕೆ ತಂದಿತು. ಎಲ್-88ಕ್ಕಿಂತ ಒಂದೂವರೆ ಅಂಕ ಹೆಚ್ಚು, ಅದೂ ಸೀಸವಿಲ್ಲದ ಪೆಟ್ರೋಲಿನಲ್ಲಿ. ಪಿಸ್ಟನ್ನಿನ ತಲೆಯ ಆಕಾರ, ನೇರವಾಗಿ ಸಿಲಿಂಡರಿಗೇ ಪೆಟ್ರೋಲು ಸಿಂಪಡಿಸುವ ಕ್ರಮ, ಹೀಗೆ ಎಲ್ಲವನ್ನೂ ಲೆಕ್ಕಹಾಕಿ ರೂಪಿಸಿದ್ದರು. ಆಕಾರವನ್ನು ತಿದ್ದಿ ಗೆಲ್ಲಬಹುದೆಂಬ ದಾರಿ ಅದಕ್ಕೂ ತೊಂಬತ್ತು ವರ್ಷಗಳ ಹಿಂದೆಯೇ ತೆರೆದಿತ್ತು. ಅದು ನಿಧಾನದ ದಾರಿ, ಕಷ್ಟದ್ದು, ಆದರೆ ಯಾರಿಗೂ ವಿಷ ಉಣಿಸದ ದಾರಿ. ಮುಂದೆ ಯಾವುದೇ ಯಂತ್ರಕ್ಕೆ ಸುಲಭದ ಮದ್ದೊಂದು ಸಿಕ್ಕಾಗ, ಎಂಜಿನಿಯರುಗಳೂ ಅದನ್ನು ಕೊಳ್ಳುವ ನಾವೂ ಕೇಳಬೇಕಾದ ಪ್ರಶ್ನೆ ಇದು: ಇದರ ಬೆಲೆಯನ್ನು ಯಾರು ತೆರುತ್ತಾರೆ?