ಸ್ಟೆಪ್ನಿ ತೂಗುವ ಕೊಂಡಿ



ಇಂಡಿಯ ನಿಂಬೆಹಣ್ಣು, ಸಿಂದಗಿಯ ತೊಗರಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಸಂತೆಯ ಸರಕು ಹೊತ್ತು ಸಾಗುವ ಹಳೆಯ ಪಿಕಪ್ ಗಾಡಿಯ ಹಿಂಭಾಗವನ್ನು ಒಮ್ಮೆ ಬಗ್ಗಿ ನೋಡಿ. ಚಾಸಿಸ್ ಕೆಳಗೆ ಸ್ಟೆಪ್ನಿ ತೂಗುತ್ತಿರುತ್ತದೆ. ಈ ಹೆಸರು ಬಂದದ್ದು ವೇಲ್ಸ್ ನಾಡಿನ ಲಾನೆಲಿ ಊರಿನ ಸ್ಟೆಪ್ನಿ ಬೀದಿಯಿಂದ. 1904ರಲ್ಲಿ ಡೇವಿಸ್ ಸಹೋದರರು ಅಲ್ಲಿ ಬಿಡಿ ಚಕ್ರವನ್ನು ರೂಪಿಸಿದರು.

ಸ್ಟೆಪ್ನಿಯನ್ನು ಹಿಡಿದಿಡುವ ಕ್ಯಾರಿಯರ್‌ಗೆ ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಳ್ಳುತ್ತದೆ. ಆ ತೇವದಲ್ಲಿ ಕಬ್ಬಿಣ ಆಮ್ಲಜನಕದೊಡನೆ ಕೂಡಿ ತುಕ್ಕಾಗುತ್ತದೆ. ಚಕ್ರದ ತೂಕ 20 ಕಿಲೋ ಎನ್ನೋಣ. ತಗ್ಗಿಗೆ ಇಳಿದ ಗಾಡಿ ಗುರುತ್ವದ ಎರಡು ಪಟ್ಟು ವೇಗೋತ್ಕರ್ಷದಿಂದ ಮೇಲಕ್ಕೆ ಜಿಗಿದರೆ, ಬೋಲ್ಟಿನ ಮೇಲೆ 60 ಕಿಲೋ ಭಾರ! ಸವೆದ ಬೋಲ್ಟು ತುಂಡಾದರೆ ಹಿಂದೆ ಬರುವ ಸೈಕಲ್ ಸವಾರನ ಗತಿಯೇನು?

ಹಳೆಯ ಮಾದರಿಗೆ ಹೊಸ ಕ್ಯಾರಿಯರ್ ಅಂಗಡಿಯಲ್ಲಿ ಸಿಗದಿರಬಹುದು. ಗುಜರಿಗೆ ಹೋಗುವ ಮುನ್ನ ಗಾಡಿಯ ಮಾದರಿ, ವರ್ಷ, ಬೋಲ್ಟ್ ತೂತುಗಳ ನಡುವಿನ ಅಂತರ, ಟೈರಿನ ವ್ಯಾಸ ಬರೆದುಕೊಳ್ಳಿ. ಸಿಕ್ಕದ್ದನ್ನು ಸುತ್ತಿಗೆಯಿಂದ ತಟ್ಟಿ ನೋಡಿ. ಪದರು ಉದುರಿದರೆ ಅದು ಬೇಡ. ಬೋಲ್ಟು ಮಾತ್ರ ಹೊಸದೇ ಇರಲಿ. ತಂತಿ ಬಿಗಿದು ದಿನ ದೂಡುವುದು ಜಾಣತನವಲ್ಲವೆಂದು ನಿಮ್ಮೂರಿನ ಚಾಲಕರಿಗೂ ತಿಳಿಸಿ.